ರಕ್ತಪರೀಕ್ಷೆಯ ವರದಿಯಲ್ಲಿ ವಿಟಮಿನ್: ಅಂಕಿಯನ್ನು ಓದುವುದು ಹೇಗೆ?

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ಸಣ್ಣ ಊರುಗಳಲ್ಲೂ ಲ್ಯಾಬ್‌ಗಳಿವೆ. ಹಣ ಕಟ್ಟಿದರೆ ಸಂಜೆಯೊಳಗೆ ಹಲವು ಪುಟಗಳ ವರದಿ ಕೈಗೆ ಬರುತ್ತದೆ. ಅದರಲ್ಲಿ ವಿಟಮಿನ್ ಡಿ ಅಥವಾ ಬಿ12ರ ಮುಂದೆ 'ಲೋ', 'ಹೈ' ಎಂದು ಕಂಡರೆ ಕೆಲವರು ಗಾಬರಿಯಾಗಿ ನೇರ ಔಷಧದಂಗಡಿಗೆ ಹೋಗುತ್ತಾರೆ. ಕೆಲವರು ವರದಿಯನ್ನು ಮಡಚಿ ಬೀರುವಿನಲ್ಲಿಡುತ್ತಾರೆ. ಎರಡರಿಂದಲೂ ಅಪಾಯವಿದೆ. ಆ ಒಂದು ಅಂಕಿಯಿಂದಲೇ ರೋಗ ತೀರ್ಮಾನವಾಗುವುದಿಲ್ಲ. ನಮ್ಮ ಊಟ, ನುಂಗುವ ಔಷಧ, ದೇಹದ ತೊಂದರೆ ಇವುಗಳ ಜೊತೆಗಿಟ್ಟು ಅದನ್ನು ಓದಬೇಕು.

ಮೊದಲು ವಿಟಮಿನ್ ಡಿ. ಅಳತೆಯ ಮಾನವನ್ನು ನೋಡಿ. ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ಎಂದರೆ ಒಂದು ಲೀಟರಿಗೆ 50 ನ್ಯಾನೋಮೋಲ್. ಗಲ್ಫ್‌ನಲ್ಲಿರುವ ಮಗನ ವರದಿಯಲ್ಲಿ ನ್ಯಾನೋಮೋಲ್ ಲೆಕ್ಕದಲ್ಲಿ 50, ಇಲ್ಲಿ ತಾಯಿಯ ವರದಿಯಲ್ಲಿ ನ್ಯಾನೋಗ್ರಾಂ ಲೆಕ್ಕದಲ್ಲಿ 20 ಇದ್ದರೆ ಇಬ್ಬರ ಮಟ್ಟವೂ ಒಂದೇ. ಇನ್ನು, ಎಷ್ಟಿದ್ದರೆ ಸಾಕು? ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ 2011ರ ವರದಿ 20 ನ್ಯಾನೋಗ್ರಾಂ ಬಹುತೇಕ ಜನರ ಮೂಳೆಗೆ ಸಾಕೆಂದಿತು. ಅದೇ ವರ್ಷ ಅಲ್ಲಿನ ಎಂಡೋಕ್ರೈನ್ ಸೊಸೈಟಿ 30 ಬೇಕೆಂದಿತು. 2024ರಲ್ಲಿ ಆ ಸೊಸೈಟಿಯೇ 30ರ ಗೆರೆಯನ್ನು ಕೈಬಿಟ್ಟು, ಆರೋಗ್ಯವಂತ ವಯಸ್ಕರಿಗೆ ಸುಮ್ಮನೆ ಈ ಪರೀಕ್ಷೆ ಬೇಡವೆಂದಿತು. ಆದರೂ ಅನೇಕ ವರದಿಗಳಲ್ಲಿ 30 ಎಂದೇ ಅಚ್ಚಾಗುತ್ತದೆ. ಆದ್ದರಿಂದ 24 ಬಂದವರು ಹೆದರಬೇಕಿಲ್ಲ. ಆದರೆ 10ಕ್ಕಿಂತ ಕೆಳಗಿದ್ದು, ಸೊಂಟ, ತೊಡೆ ನೋಯುತ್ತಾ ಮೆಟ್ಟಿಲು ಹತ್ತಲು ಕಷ್ಟವಾಗುತ್ತಿದ್ದರೆ ತಡಮಾಡಬಾರದು. ಅದು ಮೂಳೆ ಮೆದುವಾಗುವ ಕಾಯಿಲೆಯಿರಬಹುದು. ಹೆಚ್ಚು ಹೊತ್ತು ಮನೆಯೊಳಗಿರುವ ನಮ್ಮ ತಾಯಂದಿರು ಅಂಗಳದಲ್ಲೋ ತಾರಸಿಯಲ್ಲೋ, ಮರೆಯಿರುವ ಕಡೆ, ಕೈಕಾಲಿಗೆ ಬಿಸಿಲು ಬೀಳುವಂತೆ ಕುಳಿತುಕೊಳ್ಳಲಿ. ಇದಕ್ಕೆ ಪರ್ದಾ ಅಡ್ಡಿಯಾಗುವುದಿಲ್ಲ.

ಕೊರತೆಯಿದ್ದರೆ ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿ ಅಥವಾ ಗುಳಿಗೆಯನ್ನು ಕೆಲವು ವಾರಗಳಿಗೆ ಬರೆಯುತ್ತಾರೆ. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿದರೆ, ಅಥವಾ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೊಳ್ಳುತ್ತಿದ್ದರೆ, ಅದು ಕೊಬ್ಬಿನಲ್ಲಿ ಶೇಖರವಾಗುತ್ತದೆ. ಮಟ್ಟ 150 ದಾಟಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಕು ಕಾಣಿಸಿಕೊಂಡು ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು.

ಎರಡನೆಯದು ಬಿ12. "ನಾವು ಮಾಂಸ ತಿನ್ನುವವರು, ನಮಗೆಲ್ಲಿಯ ಕೊರತೆ?" ಎಂದು ಹಲವರು ಕೇಳುತ್ತಾರೆ. ತಿಂದದ್ದು ರಕ್ತಕ್ಕೆ ಸೇರಬೇಕಲ್ಲವೇ? ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಹೊಟ್ಟೆಯುರಿಗೆ ದಿನವೂ ಮಾತ್ರೆ ತೆಗೆದುಕೊಳ್ಳುವವರಲ್ಲಿ, ವಯಸ್ಸಾದವರಲ್ಲಿ ಅದು ಸರಿಯಾಗಿ ಹೀರಿಕೆಯಾಗದೆ ಹೋಗಬಹುದು. ಅಂಗಾಲು ಜುಮುಗುಟ್ಟುವುದು, ನಡಿಗೆ ತಪ್ಪುವುದು, ಮರೆವು ಇವನ್ನು ಸಕ್ಕರೆ ಕಾಯಿಲೆಯ ಅಥವಾ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿದ್ದರೆ, ಕೆಟ್ಟ ನರ ಮತ್ತೆ ಪೂರ್ತಿ ಸರಿಯಾಗದೇ ಹೋಗಬಹುದು. ಅಂಕಿ 200ರಿಂದ 300 ಪಿಕೋಗ್ರಾಂ ನಡುವೆ ಇದ್ದರೆ ಇನ್ನೊಂದು ಪರೀಕ್ಷೆ ಬೇಕಾದೀತು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಬಡ ಮುಸ್ಲಿಂ ಹೆಂಗಸರ ಊಟ ತೀರಾ ಕಳಪೆಯಾಗಿತ್ತು, ಅವರಲ್ಲೇ ಈ ಕಾಯಿಲೆ ಹೆಚ್ಚಾಗಿತ್ತು. ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. ಅದರಲ್ಲಿದ್ದುದು ಫೋಲಿಕ್ ಆಮ್ಲವೆಂದು ನಂತರ ತಿಳಿಯಿತು. ಬಿ12 ಕೊರತೆಯಲ್ಲೂ ರಕ್ತ ಹಾಗೆಯೇ ಕಾಣುತ್ತದೆ. ಆಗ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತವೇನೋ ಸುಧಾರಿಸುತ್ತದೆ, ನರ ಮಾತ್ರ ಒಳಗೊಳಗೇ ಕೆಡುತ್ತದೆ. ಆದ್ದರಿಂದ ಎರಡನ್ನೂ ನೋಡಿಯೇ ಔಷಧ ಕೊಡಬೇಕು.

ಬಿ12 ಅತಿಯಾಗಿದ್ದರೆ? ಹೆಚ್ಚಿನ ಸಲ ಮಾತ್ರೆ, ಇಂಜೆಕ್ಷನ್ ಕಾರಣ. ಏನೂ ತೆಗೆದುಕೊಳ್ಳದೆ ಮತ್ತೆ ಮತ್ತೆ ಹೆಚ್ಚು ಬಂದರೆ ಯಕೃತ್ತು, ಮೂತ್ರಪಿಂಡ, ರಕ್ತಕಣಗಳನ್ನು ಪರೀಕ್ಷಿಸಬೇಕಾಗುತ್ತದೆ. ಕೂದಲಿಗೆಂದು ನಮ್ಮ ಹೆಣ್ಣುಮಕ್ಕಳು ತೆಗೆದುಕೊಳ್ಳುವ ಬಯೋಟಿನ್ ಎಂಬ ವಿಟಮಿನ್ ಥೈರಾಯಿಡ್ ಪರೀಕ್ಷೆಯ ಅಂಕಿಯನ್ನೇ ಏರುಪೇರು ಮಾಡಬಲ್ಲದು. ರಕ್ತ ಕೊಡುವ ಮುಂಚೆ ವೈದ್ಯರಿಗೆ ಹೇಳಿ, ಎರಡು ದಿನವಾದರೂ ನಿಲ್ಲಿಸಬೇಕು.

ಕ್ಯಾಪ್ಸೂಲಿನ ಜೆಲಾಟಿನ್ ಹಲಾಲ್ ಹೌದೋ ಅಲ್ಲವೋ ಎಂಬ ಸಂಶಯದಿಂದ ಔಷಧವನ್ನೇ ಬಿಡುವವರಿದ್ದಾರೆ. ಬಿಡಬೇಡಿ, ಕೇಳಿ. ಇವು ಗಟ್ಟಿ ಮಾತ್ರೆ, ಹನಿ, ಪುಡಿಯಾಗಿಯೂ ಸಿಗುತ್ತವೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಮನೆಯಲ್ಲಿ ಅಜ್ಜಿ, ತಾತ ನುಂಗುವ ಎಲ್ಲ ಔಷಧಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ವರದಿಯ ಜೊತೆಗಿಡಿ. ವೈದ್ಯರ ಬಳಿ ಹೋಗುವಾಗ ಎರಡನ್ನೂ ಒಯ್ಯಲಿ. ಓದು ಬರಹ ಕಲಿತ ನೀವು ಮನೆಗೆ ಮಾಡಬಹುದಾದ ದೊಡ್ಡ ಉಪಕಾರವಿದು. ಈ ದೇಹ ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅದನ್ನು ಅರಿವಿನಿಂದ ಕಾಪಾಡುವ ತೌಫೀಕನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.