ಮೊಟ್ಟೆ ಹುಡುಕುವ ಆಟದ ಲೆಕ್ಕ



ಈಸ್ಟರ್ ಹಬ್ಬದಂದು ಚರ್ಚಿನ ಅಂಗಳದಲ್ಲಿ ಬಣ್ಣದ ಮೊಟ್ಟೆಗಳನ್ನು ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಆಟವೊಂದುಂಟು. ಚಂದಕವಾಡಿಯಂಥ ಊರಿನಲ್ಲಿ ಅದನ್ನು ನಡೆಸುವ ಹೊಣೆ ನಿಮ್ಮ ಮೇಲೆಯೇ ಬಿತ್ತು ಎಂದುಕೊಳ್ಳಿ. ಆಟ ಮುಗಿಯುವುದು ಅರ್ಧ ಗಂಟೆಯಲ್ಲಿ. ಆದರೆ ಒಂದು ಮಗು ಬರಿಗೈಯಲ್ಲಿ ಮನೆಗೆ ಹೋದರೂ, ಕೆಟ್ಟ ಮೊಟ್ಟೆ ತಿಂದು ಹೊಟ್ಟೆನೋವು ತಂದುಕೊಂಡರೂ ಹಬ್ಬದ ಸಂತೋಷ ಉಳಿಯದು. ಆದ್ದರಿಂದ ಈ ಆಟಕ್ಕೂ ಲೆಕ್ಕಾಚಾರ ಬೇಕು.

ಮೊಟ್ಟೆಯೇ ಏಕೆ? ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಧ್ಯಯುಗದ ಯೂರೋಪಿನ ಕ್ರೈಸ್ತರು ಮಾಂಸದ ಜೊತೆಗೆ ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿಗಳಿಗೆ ವ್ರತವಿಲ್ಲವಲ್ಲ! ಅವು ಇಟ್ಟ ಮೊಟ್ಟೆಗಳು ಕೂಡಿಬಿದ್ದು, ಹಬ್ಬದ ದಿನ ಊಟಕ್ಕೂ ಉಡುಗೊರೆಗೂ ಒದಗಿದವು. ಚಿಪ್ಪೊಡೆದು ಬರುವ ಮರಿ ಯೇಸುವಿನ ಪುನರುತ್ಥಾನಕ್ಕೆ ಸಂಕೇತವೂ ಆಯಿತು.

ಮೊದಲ ಲೆಕ್ಕ ದಿನಾಂಕದ್ದು. ಮಾರ್ಚ್ 21ರಂದು ಅಥವಾ ಅದರ ಅನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಹೀಗಾಗಿ ಹಬ್ಬ 2027ರಲ್ಲಿ ಮಾರ್ಚ್ 28ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ ಬರುತ್ತದೆ. ಒಂದು ವರ್ಷ ಪರೀಕ್ಷೆಯ ಕಾಲ, ಇನ್ನೊಂದು ವರ್ಷ ಬೇಸಿಗೆ ರಜೆ. ಎರಡರಲ್ಲೂ ಬಿಸಿಲು ತಪ್ಪಿದ್ದಲ್ಲ.

ಇನ್ನು ಬಣ್ಣ. ಚಾಮರಾಜನಗರ, ಗುಂಡ್ಲುಪೇಟೆಗಳ ಹೊಲಗಳಲ್ಲೇ ಅರಿಶಿನ ಬೆಳೆಯುವಾಗ ಅಂಗಡಿಯ ಬಣ್ಣವೇಕೆ? ನೀರಿಗೆ ಅರಿಶಿನದ ಪುಡಿ, ಎರಡು ಚಮಚ ವಿನೆಗರ್ ಹಾಕಿ ಮೊಟ್ಟೆ ಬೇಯಿಸಿ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲವು ಅದರ ಮೇಲ್ಮೈಯನ್ನು ತುಸು ಕೊರೆಯುವುದರಿಂದ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಈರುಳ್ಳಿ ಸಿಪ್ಪೆ ಕೆಂಗಂದು ಬಣ್ಣ ಕೊಡುತ್ತದೆ. ನಾಟಿ ಮೊಟ್ಟೆಗಿಂತ ಬಿಳಿಯ ಫಾರಂ ಮೊಟ್ಟೆಯ ಮೇಲೆ ಬಣ್ಣ ಎದ್ದು ಕಾಣುತ್ತದೆ. ಅರಿಶಿನ ಬಳಿದ ಖಾಲಿ ಚಿಪ್ಪಿಗೆ ದೊಡ್ಡವರೊಬ್ಬರು ಸುಣ್ಣದ ತಿಳಿನೀರು ತಾಗಿಸಿ ತೋರಿಸಲಿ: ಹಳದಿ ಕೆಂಪಾಗುತ್ತದೆ. ಅರಿಶಿನದಿಂದ ಕುಂಕುಮ ಮಾಡುವುದು ಇದೇ ಗುಣದಿಂದ.

ಬೇಯಿಸಿದ ಮೊಟ್ಟೆ ಬಲು ಬೇಗ ಕೆಡುತ್ತದೆ, ಎಚ್ಚರ! ಹಸಿ ಮೊಟ್ಟೆಯ ಚಿಪ್ಪಿನ ಮೇಲೆ ತೆಳುವಾದ ರಕ್ಷಾಪೊರೆ ಇರುತ್ತದೆ. ಬೇಯಿಸಿದಾಗ ಅದು ಹೋಗಿ, ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಆದ್ದರಿಂದ ಹಿಂದಿನ ಸಂಜೆ ಬೇಯಿಸಿ, ಬಣ್ಣ ಕಟ್ಟಿ, ಫ್ರಿಜ್ಜಿನಲ್ಲಿಡಿ. ಬಿರುಕು ಬಿಟ್ಟವನ್ನು ಆಟಕ್ಕೆ ಸೇರಿಸಬೇಡಿ. ಹೊರತೆಗೆದ ಮೇಲೆ ಎರಡು ಗಂಟೆಯೊಳಗೆ ತಿಂದು ಮುಗಿಯಬೇಕು. ತಾಪ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಬೆಳಗಿನ ಬಲಿಪೂಜೆ ಮುಗಿಯುವ ಹೊತ್ತಿಗೆ ನೆರಳಿನಲ್ಲಿ ಬಚ್ಚಿಟ್ಟು ಕೂಡಲೇ ಆಟ ಶುರುಮಾಡಿ. ಬಾವಿಯ ಬಳಿ, ಹುತ್ತದ ಪಕ್ಕ, ಕಲ್ಲುಗುಂಡುಗಳ ಸಂದಿಯಲ್ಲಿ ಇಡಲೇಬೇಡಿ. ಎಲ್ಲಿ ಎಷ್ಟು ಇಟ್ಟಿದ್ದೀರೆಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಕಾಗೆ, ನಾಯಿಗಳಿಗೆ ಕಾವಲೂ ಇರಲಿ.

ಕೊನೆಯದು ನ್ಯಾಯದ ಲೆಕ್ಕ. ಓಡಬಲ್ಲವರೇ ಬುಟ್ಟಿ ತುಂಬಿಕೊಂಡರೆ ಪುಟ್ಟ ತಂಗಿಗೆ, ಕಾಲು ಸ್ವಾಧೀನವಿಲ್ಲದ ಗೆಳೆಯನಿಗೆ ಉಳಿಯುವುದೇನು? ಮಕ್ಕಳು 30 ಇದ್ದರೆ ಮೊಟ್ಟೆ 90, ತಲೆಗೆ ಮೂರು. ಆರು ವರ್ಷದೊಳಗಿನವರಿಗೆ ಹಳದಿ, ಕಣ್ಣಿಗೆ ಕಾಣುವಂತೆ, ಕೈಗೆಟಕುವಂತೆ. ದೊಡ್ಡವರಿಗೆ ಕೆಂಗಂದು, ಮರೆಯಲ್ಲಿ. ತನ್ನ ಮೂರು ಸಿಕ್ಕವರು ಸಿಗದವರಿಗೆ ಸುಳಿವು ಕೊಡಬೇಕು. ಮೊಟ್ಟೆ ತಿನ್ನದ ಮನೆಯ ಮಕ್ಕಳು ಆಟಕ್ಕೆ ಬಂದರೆ, ಹುಡುಕಿದ್ದನ್ನು ಒಪ್ಪಿಸಿ ಒಂದಕ್ಕೊಂದು ಕಡಲೆಮಿಠಾಯಿ ಪಡೆಯಲಿ.

ಆಟ ಮುಗಿದಾಗ ಪುಸ್ತಕ ತೆರೆಯಿರಿ. ಬಚ್ಚಿಟ್ಟ 90ರಲ್ಲಿ ಸಿಕ್ಕದ್ದು ಎಷ್ಟು? ಮೂವತ್ತು ಮಕ್ಕಳ ಪಾಲಿಗೂ ಮೂರು ಬಂದವೇ? ಉಳಿದದ್ದನ್ನು ಹುಡುಕಿ ತೆಗೆದು ಎಸೆಯಿರಿ. ಮರುದಿನ ಯಾವ ಮಗುವಿನ ಕೈಗೂ ಅದು ಸಿಗಬಾರದು. ಈ ಎರಡು ಲೆಕ್ಕವೂ ಸರಿಹೋದ ಮೇಲೆಯೇ ನೀವು ಮನೆಗೆ ಹೊರಡಿ.