ಚಿತ್ರಕಾರನ ನೆಲ ಯಾರದು?



ನಮ್ಮ ಕಲಾವಿಮರ್ಶೆಗೆ ಒಂದು ಹಳೆಯ ಚಾಳಿ ಇದೆ. ಚಿತ್ರವೊಂದನ್ನು ಕಂಡ ಕೂಡಲೇ ಅದರಲ್ಲಿ ಈ ನೆಲದ್ದೆಷ್ಟು, ಪ್ಯಾರಿಸಿನದ್ದೆಷ್ಟು ಎಂದು ತೂಗತೊಡಗುತ್ತೇವೆ. ನೆಲದ್ದು ಹೆಚ್ಚಿದ್ದರೆ ಬೆನ್ನು ತಟ್ಟುತ್ತೇವೆ, ಹೊರಗಿನದು ಕಂಡರೆ ಮೂಗು ಮುರಿಯುತ್ತೇವೆ. ಈ ತಕ್ಕಡಿ ಹಿಡಿದು ಹೊರಟರೆ ಅಪ್ಪಟ ನಮ್ಮೂರಿನವರು ಎನಿಸಿಕೊಂಡ ಚಿತ್ರಕಾರರೇ ಕೈತಪ್ಪಿ ಹೋಗುತ್ತಾರೆ ಎಂಬುದು ನನ್ನ ಇಂದಿನ ಮಾತು.

ರುಮಾಲೆ ಚನ್ನಬಸವಯ್ಯನವರನ್ನೇ ತೆಗೆದುಕೊಳ್ಳಿ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಚಿತ್ರಕಲೆಯ ಅಭ್ಯಾಸವನ್ನು ಅರ್ಧಕ್ಕೆ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು, ಮುಂದೆ ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು. ಮತ್ತೆ ಕುಂಚವನ್ನು ಗಟ್ಟಿಯಾಗಿ ಹಿಡಿದದ್ದು ಅರುವತ್ತರ ದಶಕದಲ್ಲಿ, ವಯಸ್ಸು ಐವತ್ತು ದಾಟಿದ ಮೇಲೆ. ಮನೆಯೊಳಗೆ ಕೂತು ನೆನಪಿನಿಂದ ಬರೆಯುವ ಪೈಕಿ ಅಲ್ಲ ಅವರು. ಬೆಂಗಳೂರಿನ ರಸ್ತೆ ಬದಿಯಲ್ಲಿ, ಹೂಬಿಟ್ಟ ಮರದ ಎದುರೇ ನಿಂತು ಬರೆದರು. ಗುಲ್‌ಮೊಹರ್, ಜಕರಂದಾ, ಟಬೂಬಿಯಾ ಅವರ ಕ್ಯಾನ್ವಾಸಿನಲ್ಲಿ ಉರಿದೆದ್ದವು. ಆ ದಪ್ಪ ಬಣ್ಣ, ತುಂಡು ತುಂಡಾದ ಕುಂಚದ ಗೀರು ನೋಡಿದವರಿಗೆ ವ್ಯಾನ್ ಗೋನ ನೆನಪಾಗದೆ ಇರದು. ಇಂಥವರನ್ನು ಅಚ್ಚ ಬೆಂಗಳೂರಿನ ಚಿತ್ರಕಾರ ಎನ್ನದೆ ಇನ್ನಾರನ್ನು ಅನ್ನೋಣ?

ಆದರೆ ಆ ಮರಗಳ ಊರು ಯಾವುದು? ನಮ್ಮ ಮಕ್ಕಳು ಯಾವ ಮರದ ಕಾಯಿಯನ್ನು ಕತ್ತಿ ಮಾಡಿಕೊಂಡು ಆಡಿದರೋ ಆ ಗುಲ್‌ಮೊಹರ್ ಮಡಗಾಸ್ಕರಿನದು. ಜಕರಂದಾ ದಕ್ಷಿಣ ಅಮೆರಿಕದ್ದು, ಟಬೂಬಿಯಾ ಕೂಡ ಅತ್ತಲಿನದೇ. ವರ್ಷದ ಪ್ರತಿ ತಿಂಗಳೂ ಯಾವುದಾದರೂ ಬೀದಿ ಹೂವಾಗಿಯೇ ಇರಬೇಕೆಂದು ಲೆಕ್ಕ ಹಾಕಿ ಸಾಲುಮರ ನೆಡಿಸಿದವರು ಜರ್ಮನಿಯಿಂದ ಬಂದ ಕೃಂಬಿಗಲ್. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಅವರು ಊರಿನ ಮೇಲೆಯೇ ಬಣ್ಣ ಹಚ್ಚಿದ್ದರು. ಅಂದರೆ ರುಮಾಲೆಯವರ ಕಣ್ಣಿಗೆ ಬಿದ್ದ ನೆಲವೇ ಅವರಿಗಿಂತ ಮೊದಲು ಇನ್ನೊಬ್ಬರು ರಚಿಸಿಟ್ಟ ಚಿತ್ರ. ಇಲ್ಲಿ ನೆಲ ಎಲ್ಲಿ ಮುಗಿಯಿತು, ಪ್ರಭಾವ ಎಲ್ಲಿ ಶುರುವಾಯಿತು? ಗೆರೆ ಎಳೆಯುವ ಧೈರ್ಯ ನನಗಿಲ್ಲ.

ಸೈಯದ್ ಹೈದರ್ ರಜಾ ಅವರದು ಇದಕ್ಕೆ ತೀರ ವಿರುದ್ಧವಾದ ದಾರಿ. ಅವರು ನೆಲದಿಂದ ದೂರ ಹೋಗಿ ನೆಲವನ್ನು ಬರೆದವರು. ಹುಟ್ಟಿದ್ದು 1922ರಲ್ಲಿ, ಮಧ್ಯಪ್ರದೇಶದ ಮಂಡ್ಲಾ ಸೀಮೆಯ ಬಾಬರಿಯಾದಲ್ಲಿ. ತಂದೆ ಅರಣ್ಯ ಇಲಾಖೆಯವರು. ನರ್ಮದೆಯ ಆಸುಪಾಸಿನ ಕಾಡು, ಅಲ್ಲಿನ ರಾತ್ರಿಯ ಭಯ, ಬೆಳಗಾದ ಮೇಲಿನ ನಿರಾಳ ಎಲ್ಲ ಬಾಲ್ಯದಲ್ಲೇ ಒಳಗೆ ಇಳಿದಿದ್ದವು. ಮನಸ್ಸು ನಿಲ್ಲದ ಹುಡುಗನಿಗೆ ಶಾಲೆಯ ಮೇಷ್ಟರು ಗೋಡೆಯ ಮೇಲೊಂದು ಚುಕ್ಕೆ ಹಾಕಿ, ಅದನ್ನೇ ನೋಡುತ್ತ ಕೂರು ಎಂದರಂತೆ. ಆ ಚುಕ್ಕೆ ಎಂಬತ್ತರ ದಶಕದ ಹೊತ್ತಿಗೆ ‘ಬಿಂದು’ವಾಗಿ ಕ್ಯಾನ್ವಾಸ್ ತುಂಬಿತು ಎಂಬಲ್ಲಿಗೆ ಸಾಮಾನ್ಯವಾಗಿ ಕತೆ ಮುಗಿಸುತ್ತಾರೆ. ನನಗೆ ಮುಖ್ಯವೆನಿಸುವುದು ನಡುವಿನ ಕಾಲ. 1948ರಲ್ಲಿ ಕಾಶ್ಮೀರದಲ್ಲಿ ಅವರ ಚಿತ್ರಗಳನ್ನು ನೋಡಿದ ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೇ ಬ್ರೆಸನ್, ಪ್ರತಿಭೆ ಇದೆ, ಕಟ್ಟುವಿಕೆ ಸಾಲದು, ಚಿತ್ರಕಾರ ಸೆಜಾನನನ್ನು ಅಭ್ಯಾಸ ಮಾಡು ಎಂದು ಹೇಳಿದರು. ರಜಾ ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡು 1950ರಲ್ಲಿ ಪ್ಯಾರಿಸಿಗೆ ಹೊರಟರು. ಐವತ್ತರ ದಶಕದ ಅವರ ಚಿತ್ರಗಳಲ್ಲಿ ಫ್ರಾನ್ಸಿನ ಹಳ್ಳಿಗಳಿವೆ: ಒತ್ತೊತ್ತಾದ ಮನೆ, ಚರ್ಚು, ಕಪ್ಪು ಆಕಾಶ. 1962ರಲ್ಲಿ ಪಾಠ ಹೇಳಲು ಅಮೆರಿಕದ ಬರ್ಕ್‌ಲಿಗೆ ಹೋದಾಗ ಅಲ್ಲಿನ ಚಿತ್ರಕಾರ ರೋಥ್ಕೋನ ಚಿತ್ರಗಳು ಎದುರಾದವು. ಮನೆ, ಚರ್ಚು ಕರಗಿ ಬರಿಯ ಬಣ್ಣ ಉಳಿಯುತ್ತ ಬಂತು.

ಗಮನಿಸಿ, ಮಂಡ್ಲಾದ ಕಾಡು ವಾಪಸು ಬಂದದ್ದು ಆಮೇಲೆ. ಎಪ್ಪತ್ತರ ದಶಕದ ಭೂಮಿಯ ಸರಣಿಯಲ್ಲಿ ಕತ್ತಲೆಯೊಳಗಿಂದ ಕೆಂಪು ಕಣ್ಣು ಬಿಡುತ್ತದೆ. 1983ರ ‘ಸೌರಾಷ್ಟ್ರ’ದಲ್ಲಿ ರಾಜಸ್ಥಾನಿ ಕಿರುಚಿತ್ರಗಳಂತೆ ಕ್ಯಾನ್ವಾಸು ಅಂಕಣ ಅಂಕಣವಾಗಿ ಒಡೆಯುತ್ತದೆ. ಸೆಜಾನ್, ರೋಥ್ಕೋ ಇಲ್ಲದಿದ್ದರೆ ರಜಾ ಮಂಡ್ಲಾದ ಕಾಡನ್ನು ಕಾಶ್ಮೀರದ ಸರೋವರಗಳಂತೆಯೇ ಸೊಗಸಾಗಿ ಬರೆದು ಮುಗಿಸುತ್ತಿದ್ದರೇನೋ. (ಕೊನೆಗಾಲದ ಬಿಂದುಗಳ ಬಗ್ಗೆ ನನಗೆ ಅಷ್ಟು ಭಕ್ತಿಯಿಲ್ಲ. ಅವು ಕೈಗೆ ರೂಢಿಯಾಗಿಬಿಟ್ಟಿದ್ದವು.) 2016ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಮಂಡ್ಲಾದಲ್ಲೇ ಮಣ್ಣು ಮಾಡಿದರು.

ರಾಮ್ ಕುಮಾರ್ ಕೂಡ ಪ್ಯಾರಿಸಿನಲ್ಲಿ ಕಲಿತವರೇ. 1960ರ ಸುಮಾರಿಗೆ ಚಿತ್ರಕಾರ ಎಂ.ಎಫ್. ಹುಸೇನರ ಜೊತೆ ಕಾಶಿಗೆ ಹೋದರು. ಅಷ್ಟು ಜನಜಂಗುಳಿಯ ಊರನ್ನು ಬರೆಯುತ್ತ ಬರೆಯುತ್ತ ಅವರ ಚಿತ್ರದಿಂದ ಮನುಷ್ಯರೇ ಹೊರಟುಹೋದದ್ದು ಇಂದಿಗೂ ನನಗೆ ಸೋಜಿಗ.

ಪ್ರಭಾವ ಎಂದರೆ ಸೀಮೆಯಾಚೆಯದೇ ಆಗಬೇಕಿಲ್ಲ. ಬಾದಾಮಿಯ ಆರ್.ಎಂ. ಹಡಪದ್ ಬೆಂಗಳೂರಿಗೆ ಬಂದು ಕೆನ್ ಕಲಾಶಾಲೆ ಕಟ್ಟಿದರು. ಅವರ ಶಿಷ್ಯ ಜೆ.ಎಂ.ಎಸ್. ಮಣಿ ಬೆಂಗಳೂರಿನವರು, ಮುಂದೆ ಅದೇ ಶಾಲೆಯ ಪ್ರಾಂಶುಪಾಲರಾದರು. ಮಣಿಯವರ ಹೆಸರು ಉಳಿದಿರುವುದು ‘ಬಾದಾಮಿ’ ಸರಣಿಯಿಂದ. ಗುರುವಿನ ಊರು ಶಿಷ್ಯನ ನೆಲವಾಯಿತು! ಬಾದಾಮಿ ಎಂದರೆ ಗುಹೆ, ಕೆಂಪು ಬಂಡೆ, ಅಗಸ್ತ್ಯ ತೀರ್ಥ ಎಂದು ನಾವು ಹುಡುಕುತ್ತೇವೆ. ಮಣಿ ನೋಡಿದ್ದು ಸಂತೆಯ ಹೆಂಗಸರನ್ನು, ದುಡಿಯುವ ಜನರನ್ನು. ಅವರ ಮುಖಗಳಿಗೆ ಹಸಿರು, ನೀಲಿ, ಕಡುಗೆಂಪು ಹಚ್ಚಿದರು. ಊರಿನವನೇ ಆಗಿದ್ದರೆ ಆ ಮುಖಗಳು ಇಷ್ಟು ಬೆರಗಾಗಿ ಕಾಣುತ್ತಿದ್ದವೇ ಎಂಬ ಅನುಮಾನ ನನ್ನದು.

ಇನ್ನು ಸುಧೀರ್ ಪಟವರ್ಧನ್. ಮುಂಬಯಿ ಬಳಿಯ ಥಾಣೆಯಲ್ಲಿ ದೀರ್ಘಕಾಲ ಎಕ್ಸ್‌ರೇ ವೈದ್ಯರಾಗಿದ್ದು ಚಿತ್ರ ಬರೆದವರು. ಹಳಿ, ಸೇತುವೆ, ಗಿರಣಿ ಮುಚ್ಚಿದ ಬೀದಿ, ಅರೆಬರೆ ಎದ್ದ ಕಟ್ಟಡಗಳೇ ಅವರ ನೆಲ. ರೋಗಿಯ ಮೈಯನ್ನು ದಿನವಿಡೀ ನೋಡಿದ ಕಣ್ಣು ಸಂಜೆ ಊರನ್ನೂ ಹಾಗೆಯೇ ನೋಡಿತು ಅನಿಸುತ್ತದೆ.

ನಮ್ಮ ಬೆಂಗಳೂರಿನ ಮೇಲ್ಸೇತುವೆ, ಮೆಟ್ರೊ ಕಂಬಗಳನ್ನು ಅಂಥ ಹಠದಿಂದ ಬರೆದವರನ್ನು ನಾನಂತೂ ಇನ್ನೂ ಕಂಡಿಲ್ಲ. ಕಲಾಶಾಲೆಯ ಹುಡುಗರು ಬೋರ್ಡು ಹೊತ್ತು ಹೊರಡುವುದು ಈಗಲೂ ಹಂಪಿಗೆ, ಬಾದಾಮಿಗೆ. ಹೋಗಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೂ ಒಂದು ವಾರ ನಿಂತು ಬರೆಯಲಿ. ಟ್ರಾಫಿಕ್ ಪೊಲೀಸರ ಅನುಮತಿ ಕೊಡಿಸುವ ಕೆಲಸವನ್ನು ಪ್ರಾಂಶುಪಾಲರು ವಹಿಸಿಕೊಂಡರಾಯಿತು.