ದುಡಿಯುವವರಿಗೊಂದು ಸೂರು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ದಕ್ಷಿಣದಲ್ಲಿ ಜಯನಗರಕ್ಕೆ 1948ರಲ್ಲಿ ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟರು. ಪಕ್ಕದ ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಹೊಲಗಳು ಹೋಗಿ ಮನೆಗಳೆದ್ದವು. ಆದರೆ ಅವನ್ನು ಕಟ್ಟುವ ಗಾರೆಯವರು, ಅಲ್ಲಿ ಪಾತ್ರೆ ತೊಳೆಯುವ ಹೆಂಗಸರು, ಹಲವರು ಇಂದು ಅಲ್ಲಿನ ಬಾಡಿಗೆ ತೆರಲಾರರು. ದೂರದಿಂದ ಬರುವವರ ಹೊತ್ತು ದಾರಿಯಲ್ಲೇ ಕಳೆಯುತ್ತದೆ; ಕೂಲಿ ಬಾಡಿಗೆಗೂ ಬಸ್ಸಿಗೂ ಸೋರಿಹೋಗುತ್ತದೆ. ಪಟ್ಟಣ ಸೇರಿದ ಮಗ ಊರಿಗೆ ಹಣ ಕಳಿಸುವುದು ಹೇಗೆ?

ಎತ್ತಿಗೆ ಕೊಟ್ಟಿಗೆ ಬೇಕೆಂದು ಬಲ್ಲವರು ನೀವು. ದುಡಿಯುವವರಿಗೆ ಸೂರು ಒದಗಿಸುವುದು ದಾನವಲ್ಲ. ನಾಡಿನ ದುಡಿಮೆಗೆ ಅದೇ ಬುನಾದಿ. ನಮ್ಮೂರಿಗೂ ಇದೇ ಮಾತು: ಸೂರಿಲ್ಲದ ಕೂಲಿಯವನು ಊರು ಬಿಟ್ಟರೆ ಕೊಯ್ಲಿಗೆ ಆಳು ಸಿಗದು. ಗ್ರಾಮಸಭೆಗೆ ತಪ್ಪದೆ ಬನ್ನಿ. ಮನೆಯಿಲ್ಲದವರ ಹೆಸರನ್ನು ವಸತಿ ಪಟ್ಟಿಗೆ ಸೇರಿಸಿ.